ಹುಲ್ಲಪ್ಪನ ಮೈಕು, ರಾಚಯ್ಯನ ಜರಿ

ಇಳಕಲ್ಲಿನಲ್ಲಿ ಲಗ್ನವಿರಲಿ, ಭಾಷಣವಿರಲಿ, ಮೈಕ್ ಸೆಟ್ಟಿಗೆ ಜನ ಹೋಗುತ್ತಿದ್ದದ್ದು ಕಮತಗಿಯಿಂದ ಬಂದು ನೆಲೆಸಿದ್ದ ಹುಲ್ಲಪ್ಪನ ಹತ್ತಿರ. ಅವನಿಗೆ ಅಂಗಡಿ ಎನ್ನುವಂಥ ಅಂಗಡಿ ಇರಲಿಲ್ಲ. ಗೆಳೆಯ ರಾಚಯ್ಯನ ನೂಲಿನ ಅಂಗಡಿಯ ಕಟ್ಟೆಯ ಮೇಲೆ ಕೂತು ರೇಡಿಯೊ ರಿಪೇರಿ ಮಾಡುತ್ತಿದ್ದ. ಒಳಗೆ ರಾಚಯ್ಯ ನೇಕಾರರಿಗೆ ರೇಷ್ಮೆ, ಜರಿ ತೂಗಿ ಕೊಡುತ್ತಿದ್ದ. ಇಬ್ಬರಿಗೂ ಒಂದೇ ಚಹಾ, ಒಂದೇ ಎಲೆಯಡಿಕೆ.

ಎಂಬತ್ತೆರಡನೇ ಇಸವಿಯಲ್ಲಿ ಈ ಹುಲ್ಲಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಬೀರಪ್ಪ ದೇವರ ಡೊಳ್ಳಿನ ಪದದವರು ಹಾಡುವಾಗ ಅವನ ಹಳೆಯ ಮೈಕುಗಳು ಡೊಳ್ಳಿನ ಸದ್ದನ್ನಷ್ಟೇ ಹಿಡಿದು ಹಾಡನ್ನು ನುಂಗಿಬಿಡುತ್ತಿದ್ದವು. ಧಾರವಾಡದಲ್ಲೊಮ್ಮೆ ಅವನು ಬೆರಳುಗಾತ್ರದ ಕಂಡೆನ್ಸರ್ ಮೈಕು ನೋಡಿದ್ದ. ಅದರೊಳಗೆ ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೆ ತಾಗಿಯೂ ತಾಗದಂತೆ ಬಿಗಿದ ಲೋಹ ಸವರಿದ ಪ್ಲಾಸ್ಟಿಕ್ಕಿನ ತೆಳುಹಾಳೆ. ಉಸಿರಿನಷ್ಟು ಸಣ್ಣ ದನಿಗೂ ಹಾಳೆ ನಡುಗುತ್ತಿತ್ತು. ಕೊಳ್ಳುವ ಮಾತು ಹಾಗಿರಲಿ, ನಾನೇ ಮಾಡುತ್ತೇನೆ ಎಂದು ಹಟ ಹಿಡಿದು ಕೂತ.

ಸಾಮಾನು ಕೂಡಿಸುವುದೇ ದೊಡ್ಡ ತಾಪತ್ರಯವಾಯಿತು. ಬಿಲ್ಲೆಯನ್ನು ಬಾಗಲಕೋಟೆಯ ಲೇಥಿನವನಿಂದ ಮಾಡಿಸಿ ತಂದ. ಅದು ಕನ್ನಡಿಯಷ್ಟು ಸಮ ಇರಬೇಕು. ತಿಕ್ಕುವ ಸಮ ಕಲ್ಲಿಗೆ ಇಳಕಲ್ಲಿನಲ್ಲಿ ಏನು ಬರ? ಪಾಲಿಶ್ ಆದ ಕೆಂಪು ಗ್ರಾನೈಟಿನ ಮೇಲೆ ಎಣ್ಣೆ ಬಿಟ್ಟು, ಎಮರಿ ಪುಡಿ ಹಾಕಿ ತಿಕ್ಕಿದ. ಮೈಕಿನ ಕೊಳವೆಗೆ ಸೈಕಲ್ ಪಂಪು ಕತ್ತರಿಸಿದ. ಮುಖಕ್ಕೆ ಚಹಾ ಸೋಸುವ ಜಾಲರಿ ಹೋಯಿತು; ಹೆಂಡತಿ ಸಂಗವ್ವ ಅರಿವೆಯಲ್ಲಿ ಚಹಾ ಸೋಸುತ್ತ ಬೈದಳು. ಬಿಲ್ಲೆಗೂ ಹಾಳೆಗೂ ನಡುವೆ ಕೂದಲೆಳೆಯ ಸಂದು ಬಿಡಲು ಸಿಗರೇಟು ಪಾಕೀಟಿನ ಮೇಲಿನ ತಿಳಿ ಹೊದಿಕೆಯನ್ನು ಉಂಗುರದ ಹಾಗೆ ಕತ್ತರಿಸಿದ. ಬೀಡಿ ಸಹ ಸೇದದವನು ಪಾನ್ ಅಂಗಡಿಯ ಮುಂದೆ ಖಾಲಿ ಪಾಕೀಟು ಆರಿಸುವುದನ್ನು ಕಂಡು ಜನ ನಕ್ಕರು. ಟ್ರಾನ್ಸಿಸ್ಟರು, ರೆಸಿಸ್ಟರು ಮುಂಬಯಿಗೆ ಕಲ್ಲು ಒಯ್ಯುವ ಲಾರಿಯವರ ಕೈಯಲ್ಲಿ ಬಂದವು. ಹಾಳೆಯೊಂದು ಮಾತ್ರ ಎಲ್ಲೂ ಸಿಗಲಿಲ್ಲ.

ಸೂರತ್ತಿನ ಕಡೆ ಅಂಥ ಹಾಳೆಯನ್ನೇ ಕತ್ತರಿಸಿ ಜರಿ ಮಾಡುತ್ತಾರೆ ಎಂದು ಲಾರಿಯವನೊಬ್ಬ ಹೇಳಿದಾಗ ಹುಲ್ಲಪ್ಪ ಗೆಳೆಯನನ್ನು ಕೇಳಿದ.

"ಅದು ನಕಲಿ ಜರಿ ಮಾಡೋ ಪ್ಲಾಸ್ಟಿಕ್ ಹಾಳಿಲೇ," ಎಂದ ರಾಚಯ್ಯ. "ನಮ್ಮ ಅಂಗಡಿ ಮೆಟ್ಟಲಾ ಹತ್ತಿಲ್ಲ ಅದು. ನಮ್ಮಲ್ಲಿ ಬೆಳ್ಳಿ ಎಳಿ ಬಿಟ್ರ ಬ್ಯಾರೆ ಇಲ್ಲ."

ಹುಲ್ಲಪ್ಪ ನಂಬಿದ. ನಂಬದೆ ಏನು ಮಾಡಿಯಾನು? ಇದೇ ಮಾತಿನ ಮೇಲೆ ಅವನು ಒಡಹುಟ್ಟಿದವಳನ್ನೇ ಬಿಟ್ಟಿದ್ದ. ಆರೇಳು ವರ್ಷದ ಹಿಂದೆ ತಂಗಿ ಮಾಯವ್ವನ ಲಗ್ನಕ್ಕೆ ರಾಚಯ್ಯನಿಂದಲೇ ಜರಿ ಕೊಂಡು ಜೋಡಿ ಸೀರೆ ನೇಯಿಸಿದ್ದ. ಒಂದು ಅವಳಿಗೆ, ಒಂದು ಸಂಗವ್ವನಿಗೆ. ಮರುವರ್ಷ ಹುನಗುಂದದಲ್ಲಿ ಮಾಯವ್ವನ ಅತ್ತೆ ನಾಲ್ಕು ಮಂದಿಯ ಮುಂದೆ, "ನಕಲಿ ಜರಿ ಉಡಿಸಿ ಕಳಿಸ್ಯಾರ," ಎಂದುಬಿಟ್ಟಳು. ಹುಲ್ಲಪ್ಪ ಕೆಂಡವಾದ. ಗೆಳೆಯನ ಮರ್ಯಾದೆಗಾಗಿ ಓಣಿಯೆಲ್ಲ ಕೇಳುವಂತೆ ಬೀಗರೊಡನೆ ಜಗಳಾಡಿ, ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಬಂದ. ತಂಗಿಯನ್ನು ಚೊಚ್ಚಲ ಬಾಣಂತನಕ್ಕೂ ಕರೆತರಲಿಲ್ಲ. ಅತ್ತೆ ಒಮ್ಮೆ ತಪ್ಪಾಯಿತು ಎನ್ನಲಿ, ಓಡಿಹೋಗಿ ತಂಗಿಯನ್ನು ನೋಡುತ್ತೇನೆ ಎಂದು ಕಾಯುತ್ತ ಒಳಗೊಳಗೇ ಸಂಕಟಪಡುತ್ತಿದ್ದ.

ಹಾಳೆ ಸಿಕ್ಕಿದ್ದು ಜೈನಬಿಯಿಂದ. ರಾಚಯ್ಯನ ಜರಿಯನ್ನು ಮಗ್ಗದ ಲಾಳಿಯ ಕಂಡಿಕೆಗೆ ಸುತ್ತಿಕೊಡುತ್ತಿದ್ದ ಮುದುಕಿ ಅವಳು. ಕಟ್ಟೆಯ ಮೇಲೆ ಅವನ ಪೇಚಾಟ ನೋಡಿ, ಕೈಚೀಲದಿಂದ ಹೊಳೆಯುವ ತುಂಡೊಂದನ್ನು ತೆಗೆದು ಕೊಟ್ಟಳು.

"ಜರಿ ಪೆಟಗಿಯೊಳಗ ಸುತ್ತಿ ಬರ್ತೈತಪಾ. ಮಮ್ಮಗಳಿಗೆ ಆಡಾಕ ಒಯ್ತೇನಿ. ಇದನ್ನಾ ಕತ್ತರಿಸಿ ಎಳಿ ಮಾಡ್ತಾರಂತ."

"ಯಾವಾಗಿಂದ ಬರ್ತೈತಿ ಇದು?"

"ನಿನ್ನ ತಂಗಿ ಲಗ್ನಕ್ಕಿಂತ ಮೊದಲಿಂದ. ನಾ ಸುತ್ತಿದ್ದೆಲ್ಲಾ ಇದಾ."

ಹುಲ್ಲಪ್ಪ ಮನೆಗೆ ಬಂದು, ಆ ಹಾಳೆಯನ್ನು ಬಿಲ್ಲೆಯ ಮೇಲೆ ಬಿಗಿದು ಮೈಕು ಜೋಡಿಸಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಹೆಡ್‌ಫೋನು ಹಾಕಿಕೊಂಡರೆ ಅಡುಗೆಮನೆಯಲ್ಲಿ ಸಂಗವ್ವ ರೊಟ್ಟಿ ಬಡಿಯುವುದು, ಅವಳ ಬಳೆ, ಒಲೆಯ ಚಿಟಪಟ ಎಲ್ಲವೂ ಕೇಳಿತು. ತಿಂಗಳುಗಟ್ಟಲೆ ಒದ್ದಾಡಿ ಗೆದ್ದಿದ್ದ, ಆದರೆ ಗೆದ್ದ ಸಂತೋಷವೇ ಇಲ್ಲ. ಟ್ರಂಕಿನಿಂದ ಹೆಂಡತಿಯ ಜೋಡಿ ಸೀರೆ ತೆಗೆದು, ಅಂಚಿನಿಂದ ಒಂದು ಎಳೆ ಕಿತ್ತು, ಕಾದ ಸೋಲ್ಡರಿಂಗ್ ಐರನ್ ತಾಗಿಸಿದ. ಬೆಳ್ಳಿಯಾಗಿದ್ದರೆ ಹಾಗೇ ಉಳಿಯಬೇಕಿತ್ತು. ಎಳೆ ಸುರುಟಿಕೊಂಡು ಕರಗಿ ಕಪ್ಪಾಯಿತು.

ಮರುದಿನ ಮುಂಜಾನೆ ಅಂಗಡಿಗೆ ಹೋಗಿ ಕೇಳಿದ. ರಾಚಯ್ಯ ತಕ್ಕಡಿಯಿಂದ ತಲೆ ಎತ್ತಲಿಲ್ಲ.

"ಲಗ್ನದ ಸೀರಿ ಸುಟ್ಟು ನೋಡವರು ಯಾರಲೇ? ಮಂದಿಗೆ ಹೊಳಪು ಬೇಕು, ಹೊಳಪು ಕೊಟ್ಟೇನಿ."

"ನಾ ನಿನ್ನ ಸಲುವಾಗಿ ಬೀಗರ ಮ್ಯಾಲ ಏರಿ ಹೋಗೂಮುಂದ ನಿನಗ ಗೊತ್ತಿತ್ತು?"

"ಬಿಟ್ಟಬಿಡು ಅಂತ ಹೇಳಿದ್ನಿ. ನೀನಾ ಬಿಡಲಿಲ್ಲ."

ಹೇಳಿದ್ದು ನಿಜ. ದೊಡ್ಡ ಮನಸ್ಸಿನವನ ಹಾಗೆ ಹೇಳಿದ್ದ, ಅದನ್ನೇ ಹುಲ್ಲಪ್ಪ ಊರೆಲ್ಲ ಕೊಂಡಾಡಿದ್ದ. ಈಗ ನೆನೆದರೆ ಮೈಯೆಲ್ಲ ಉರಿಯಿತು. ಇಂಥವನ ಎಲೆಯಡಿಕೆ ತಿಂದೆನಲ್ಲ ಎಂದು ಹೇಸಿಗೆಯಾಯಿತು. ಕಟ್ಟೆಯ ಮೇಲಿನ ಸಾಮಾನು ಅಲ್ಲೇ ಬಿಟ್ಟು ಹುನಗುಂದದ ಬಸ್ಸು ಹತ್ತಿದ.

ಮಾಯವ್ವ ಅಣ್ಣನನ್ನು ಕಂಡು ಬಾ, ಕೂಡು ಎನ್ನದೆ ನೀರು ತಂದಿಟ್ಟಳು. ಅವನು ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದ. ರಾಚಯ್ಯ ಕುತ್ತಿಗೆ ಕೊಯ್ದ, ನಿನ್ನ ಅತ್ತೆ ಅಂದದ್ದೇ ಖರೆ ಎಂದ. ತಂಗಿ ಅತ್ತಾಳು, ಬೈದಾಳು, ಕೊನೆಗೆ ಸಮಾಧಾನವಾದಾಳು ಎಂದುಕೊಂಡಿದ್ದ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು.

"ಮೊದಲನೇ ಸಲ ತೊಳದಾಗನ ಗೊತ್ತಾಗಿತ್ತು ನನಗ," ಎಂದಳು. "ಅತ್ತಿ ಮುಂದ ಅಸಲಿ ಅಂತ ಆಣಿ ಮಾಡಿ ಹೇಳೇನಿ."

"ಯಾಕವಾ?"

"ನೀ ಗೊತ್ತಿದ್ದೂ ನಕಲಿ ಕೊಟ್ಟಿ ಅಂದ್ಕೊಂಡಿದ್ನಿ. ಅವತ್ತು ಅಷ್ಟು ಒದರ್ಯಾಡಿದ್ದೂ ಮುಚ್ಚಾಕ ಅಂದ್ಕೊಂಡ್ನಿ. ಹಡಿಯಾಕ ಕರಿಯಾಕ ಬರಲಿಲ್ಲಲ್ಲ, ಆವಾಗ ಖಾತ್ರಿ ಆತು."

"ನನ್ನಾಣಿ ತಂಗಿ, ನನಗ ಗೊತ್ತಿರಲಿಲ್ಲ. ಅಂವ ನನಗೂ ಮೋಸ ಮಾಡ್ಯಾನ."

"ಈಗ ರಾಚಯ್ಯನ ಹೆಸರು ಹೇಳಾಕ ಬಂದೀಯಲ್ಲ," ಎಂದಳು ಮಾಯವ್ವ, ಸಿಟ್ಟಿಲ್ಲದೆ. "ಆಗ ಕರಿಯಾಕ ಬಂದಿದ್ರ ನಂಬ್ತಿದ್ನಿ, ಯಣ್ಣಾ." ಒಳಗಿಂದ ಅತ್ತೆ ಕರೆದಳು, ಅವಳು ಎದ್ದು ಹೋದಳು.