ಟ್ರೇಲರಿನ ನಗಾರಿ, ಅವ್ವನ ಪದ

ಮೊನ್ನೆ ಜಹೀರಾಬಾದಿನಲ್ಲಿ ಝೆರಾಕ್ಸ್ ಮಾಡಿಸಲು ನಿಂತಾಗ ಅಂಗಡಿಯ ಒಳಗಿನಿಂದ ಕಾದ ಕಂಪ್ಯೂಟರಿನ ವಾಸನೆ ಬಂತು. ಧೂಳು, ಬಿಸಿ ವೈರು, ಜೊತೆಗೆ ಒಂದಿಷ್ಟು ಊದುಬತ್ತಿ. ವಿಡಿಯೋ ಅಣ್ಣನ ಕೋಣೆ ಹೀಗೇ ಇರುತ್ತಿತ್ತು...

ಆತ ನಮ್ಮ ಮೊಗುಡಂಪಲ್ಲಿ ಕಡೆಯವನು. ಸುತ್ತಲಿನ ಮದುವೆಗಳ ವಿಡಿಯೋ ಎಲ್ಲ ಆತನೇ ತೆಗೆಯುತ್ತಿದ್ದ. ತಾಂಡೂರಿನ ತೆಲುಗು ಮಾತಾಡುವ ಮನೆಗೆ ನನ್ನ ಸಂಬಂಧ ಗಟ್ಟಿಯಾದಾಗ, ವಿಡಿಯೋಕ್ಕೆ ಯಾವ ಭಾಷೆಯ ಹಾಡು ಹಾಕಬೇಕೆಂದು ಎರಡೂ ಕಡೆ ಮುನಿಸು ಹುಟ್ಟಿತು. ಕನ್ನಡ, ತೆಲುಗು ಕೂಡುವ ನಮ್ಮ ಗಡಿಯ ಮದುವೆಗಳಲ್ಲಿ ಇದು ಹೊಸದಲ್ಲ. ಆತ ನನ್ನನ್ನು ಅಂಗಡಿಗೆ ಕರೆಸಿ ಸ್ಪೀಕರ್ ಹಚ್ಚಿದ.

ಮೊದಲು ಪಿಯಾನೋದ ಒಂದೇ ಸ್ವರ. ಆಮೇಲೆ ಉಸಿರು ಹಿಡಿದಂಥ ಮೌನ. ನೂರು ಪಿಟೀಲು ಒಟ್ಟಿಗೆ ಏಳುತ್ತ ಹೋಗಿ, ಇನ್ನು ತಡೆಯಲಾಗದು ಅನ್ನುವಾಗ ನಗಾರಿ. ಅದರ ಮೇಲೆ ಎಷ್ಟೋ ಜನರ ಮಾತಿಲ್ಲದ ದನಿ. ದೊಡ್ಡ ಸಿನಿಮಾಗಳ ಟ್ರೇಲರಿಗೆ ಹಾಕುವ ಸಂಗೀತ ಅದು. ಮೈ ಜುಮ್ಮೆಂದಿತು. ಹತ್ತನೆಯ ತರಗತಿ ಓದಿದ, ಕುರಿ ಸಾಕುವ ಮನೆಯವಳು ನಾನು. ನನಗೂ ಯಾವುದೋ ದೊಡ್ಡದು ಕಾದಿದೆ ಅನ್ನಿಸಿತು.

“ತೆಲುಗು ಹಾಕಿದ್ರ ನಿಮ್ಮ ಕಾಕಾ ಸಿಟ್ಟಿಗೇಳ್ತಾರ, ಕನ್ನಡ ಹಾಕಿದ್ರ ನಿಮ್ಮ ಅತ್ತಿ,” ಎಂದ ಆತ. “ಇದಕ್ಕ ಭಾಷಾನೇ ಇಲ್ಲ ತಂಗಿ. ಯಾರದೂ ಲಡಾಯಿ ಇಲ್ಲ.”

ಇದೇ ಇರಲಿ ಎಂದವಳು ನಾನೇ.

ಅರಿಶಿನದ ದಿನ ಅವ್ವ ಸೋಬಾನದ ಪದ ಹಾಡಿದಳು. ಅವಳಿಗೆ ಅವಳವ್ವನಿಂದ ಬಂದ ಪದ. ಬರೆದಿಟ್ಟವರು ಯಾರೂ ಇಲ್ಲ. ಮದುವೆ ಮುಗಿದ ಮೇಲೆ ಆತ ತಂದು ತೋರಿಸಿದ ವಿಡಿಯೋದಲ್ಲಿ ಅವ್ವನ ತುಟಿ ಆಡುತ್ತಿದ್ದವು, ಕೇಳುತ್ತಿದ್ದದ್ದು ನಗಾರಿ.

“ಮದಿವಿ ಅದನೋ, ದಂಡು ಹೊಂಟದನೋ?” ಎಂದು ಅವ್ವ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಪದ ಎಲ್ಲಪ್ಪಾ?” ಎಂದಳು.

“ಒರಿಜಿನಲ್ ಆವಾಜ್ ನನ್ನ ಕಡೆ ಅದ ರೀ ಅಮ್ಮಾ. ಯಾವಾಗ ಬೇಕಂದ್ರ ಆವಾಗ ಕೊಡ್ತೀನಿ,” ಎಂದ ವಿಡಿಯೋ ಅಣ್ಣ.

ಅವ್ವ ನಂಬಿದಳು. ನಾನೂ... ಪದ ಕಲಿಸ್ತೀನಿ ಬಾ ಎಂದು ಅವ್ವ ಎರಡು ಸಲ ಕರೆದಿದ್ದಳು. ಹೇಗೂ ಆತನ ಹತ್ತಿರ ಇದೆಯಲ್ಲ ಎಂದು ಮುಂದೂಡಿದೆ.

ಅವ್ವ ತೀರಿಹೋದ ಮೇಲೆ ಆ ದನಿ ಕೇಳಿಕೊಂಡು ತಾಂಡೂರಿನಿಂದ ಬಸ್ಸು ಹಿಡಿದು ಮೂರು ಸಲ ಆತನ ಅಂಗಡಿಗೆ ಹೋದೆ. ಎರಡು ಸಲ ಹುಡುಕಿದ ಹಾಗೆ ಮಾಡಿ ಕಳಿಸಿದ. ಮೂರನೆಯ ಸಲ ಕಂಪ್ಯೂಟರ್ ಬಂದ್ ಮಾಡಿ ಕುಳಿತ.

“ಅವತ್ತ ಮೈಕ್ ಬಂದ್ ಇಟ್ಟಿದ್ದೆ ತಂಗಿ. ಹೆಂಗೂ ಮ್ಯೂಸಿಕ್ ಹಾಕೂದಿತ್ತಲ್ಲ... ಅಮ್ಮ ಬ್ಯಾಸರ ಮಾಡ್ಕೋಬಾರ್ದಂತ ಅದ ಅಂದೆ.”

ಅಂದರೆ ಅದು ಕಳೆದುಹೋದದ್ದಲ್ಲ. ಆ ದನಿ ಆತನ ಹತ್ತಿರ ಎಂದೂ ಇರಲಿಲ್ಲ. ಅದು ಗೊತ್ತಿದ್ದೂ ಇಷ್ಟು ವರ್ಷ ಸಂತೆಯಲ್ಲಿ ಸಿಕ್ಕಾಗೆಲ್ಲ ಅವ್ವನನ್ನು ನಗುತ್ತ ಮಾತಾಡಿಸುತ್ತಿದ್ದ.

ಎದ್ದು ಬಂದೆ. ಮರುವರ್ಷ ಆತ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ.

ಈಗ ಮಗಳ ತಲೆ ಬಾಚುವಾಗ ಆ ಪದ ಹೇಳಿಕೊಡಲು ನೋಡುತ್ತೇನೆ. ಮೊದಲ ಸಾಲು ಬರುತ್ತದೆ. ಎರಡನೆಯದಕ್ಕಾಗಿ ಅವ್ವನ ಮುಖ ನೆನೆಯುತ್ತೇನೆ. ಅವಳ ತುಟಿ ಆಡುತ್ತವೆ, ಪಿಟೀಲು ಏಳುತ್ತವೆ, ನಗಾರಿ ಬಡಿಯುತ್ತದೆ...

“ಮುಂದ?” ಎನ್ನುತ್ತಾಳೆ ಮಗಳು.

ಮುಂದಿನದು ನನ್ನಲ್ಲಿ ಇಲ್ಲ. ನಾಚಿಕೆಯ ಮಾತೆಂದರೆ, ಆ ನಗಾರಿಗೆ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ.