ಕರ್ಪೂರದ ಪಕ್ಕದ ಸಾಸಿವೆ ಎಣ್ಣೆ

ಸಾಸಿವೆ ಎಣ್ಣೆಯ ಬಾಟಲಿಗಳನ್ನು ಅಡುಗೆ ಎಣ್ಣೆಯ ಸಾಲಿಗೆ ತಂದಿಡಲು ನಿನಗೆ ಹೇಳಿದ್ದು ನಾನೇ, ಸುನೀತಾ. ಸಾಹುಕಾರರ ಮುಂದೆ ಹೇಳಿದ್ದು ಮಾತ್ರ ಬೇರೆ.

ಮಾಲೂರಿನ ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಯಾವ ಸಾಮಾನು ಎಲ್ಲಿರಬೇಕೆಂದು ನೋಡಿಕೊಳ್ಳುವವಳು ನಾನು. ಆ ಎಣ್ಣೆ ಮೊದಲಿನಿಂದಲೂ ದೀಪದೆಣ್ಣೆ, ಬತ್ತಿ, ಕರ್ಪೂರದ ಜೊತೆಗಿತ್ತು. ಟೇಕಲ್‌ನ ನಮ್ಮ ಮನೆಯಲ್ಲೂ ಅದು ಅಜ್ಜಿಯ ಮಂಡಿಗೆ ತಿಕ್ಕುವ ಎಣ್ಣೆಯೇ. ಫ್ಯಾಕ್ಟರಿಗಳಲ್ಲಿ ದುಡಿಯಲು ಬಂದ ನಿಮ್ಮ ಬಿಹಾರದವರು ಅದನ್ನು ದೇವರ ಸಾಮಾನಿನ ನಡುವೆ ಹುಡುಕಿ ಒಯ್ಯುತ್ತಿದ್ದರು. ನನಗದು ವಿಚಿತ್ರ ಅನ್ನಿಸಿರಲೇ ಇಲ್ಲ — ನೀನು ಊಟದ ಡಬ್ಬಿ ತೆರೆಯುವವರೆಗೆ.

ಪ್ಯಾಕಿಂಗ್ ಕೆಲಸಕ್ಕೆ ಸೇರಿದ ವಾರವೇ ನೀನು ಹಿಸುಕಿದ ಆಲೂಗಡ್ಡೆಗೆ ಆ ಎಣ್ಣೆಯನ್ನು ಹಸಿಯಾಗಿಯೇ ಕಲಸಿ ತಂದಿದ್ದೆ. ಮೊದಲ ತುತ್ತಿಗೆ ಮೂಗು ಉರಿಯಿತು; ಆಮೇಲೆ ನಿನ್ನ ಪಾಲನ್ನೂ ನಾನೇ ತಿಂದೆ. "ಇದನ್ಯಾಕೆ ದೀಪದ ಹತ್ರ ಇಟ್ಟಿದೀವಿ? ಕಡ್ಲೆಕಾಯಿ ಎಣ್ಣೆ ಪಕ್ಕ ಇಡು ಕಣೇ," ಎಂದು ಕೈ ತೋರಿಸಿದೆ. ನೀನು ಒಂದೊಂದೇ ಬಾಟಲಿ ಒರೆಸಿ, ಹೆಸರು ಕಾಣುವಂತೆ ಜೋಡಿಸಿದೆ.

ಎರಡೇ ದಿನ. ವಕ್ಕಲೇರಿಯ ಹೆಂಗಸೊಬ್ಬರು ಕಡಲೆಕಾಯಿ ಎಣ್ಣೆಯೆಂದು ಅದನ್ನೇ ಒಯ್ದು, ನೆಂಟರಿಗೆ ಮಾಡಿದ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ್ದರು. ಬಾಟಲಿ ತಂದು ಕೌಂಟರಿನ ಮೇಲೆ ಕುಕ್ಕಿ, "ಮನೆಯೆಲ್ಲಾ ಘಾಟು! ಬಂದೋರು ಒಂದ್ ತುತ್ತು ಮುಟ್ಲಿಲ್ಲ," ಎಂದು ಕೂಗಾಡಿದರು. ಸಾಹುಕಾರರು ನನ್ನ ಕಡೆ ತಿರುಗಿದರು — "ಯಾರಮ್ಮಾ ಇದನ್ನ ಅಲ್ಲಿಟ್ಟಿದ್ದು?"

"ಆ ಬಿಹಾರದವಳೇ ಇಟ್ಟಿರ್ಬೇಕು ಸಾರ್. ಅದನ್ನ ನಾವ್ಯಾರಾದ್ರೂ ತಿಂತೀವಾ?"

ನಾನು ತಿಂದು ಮೂರು ದಿನವೂ ಆಗಿರಲಿಲ್ಲ. ನೀನು ನಾಲ್ಕು ಹೆಜ್ಜೆ ದೂರದಲ್ಲಿ ಬೇಳೆ ಕಟ್ಟುತ್ತಿದ್ದೆ. ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ ನಿನಗೆ. ಆದರೆ ಅಷ್ಟು ಮಾತು — ಅರ್ಥವಾಯಿತು, ನಿನ್ನ ಮುಖ ನೋಡಿದೆನಲ್ಲ. ಆಗಲೂ ನೀನು ನನ್ನ ಹೆಸರು ಹೇಳಲಿಲ್ಲ. ಅಂದೇ ನಿನ್ನ ಕೆಲಸ ಹೋಯಿತು. ಬಾಟಲಿಗಳನ್ನು ನಾನೇ ಕರ್ಪೂರದ ಪಕ್ಕಕ್ಕೆ ಸಾಗಿಸಿದೆ.

ಆರು ವರ್ಷವಾಯಿತು. ಕೆಲಸ ಹೋಗುವ ಭಯವಿತ್ತು ಅನ್ನಬಹುದು — ನಿನಗೂ ಇದ್ದಿರಬೇಕು. ಕಳೆದ ಸೋಮವಾರ ಸಾಹುಕಾರರಿಗೆ ಎಲ್ಲ ಹೇಳಿದೆ. "ಈಗ್ಯಾಕಮ್ಮಾ ಅದೆಲ್ಲಾ?" ಎಂದು ನಕ್ಕರು, ಎಣ್ಣೆಯನ್ನು ಎಲ್ಲಿ ಬೇಕಾದರೂ ಇಡು ಎಂದರು. ಅಷ್ಟು ಸುಲಭವಿತ್ತು. ನಾಚಿಕೆಯಾಯಿತು. ನೀನಿದ್ದ ಬಾಡಿಗೆ ಕೋಣೆಗೆ ಹೋದೆ. ಅಲ್ಲಿ ಬೇರೆ ಸಂಸಾರವಿತ್ತು, ನಿನ್ನನ್ನು ಬಲ್ಲವರು ಯಾರೂ ಇರಲಿಲ್ಲ.

ಈಗ ಅದು ಕಡಲೆಕಾಯಿ ಎಣ್ಣೆಯ ಪಕ್ಕದಲ್ಲಿದೆ, ಹೆಸರು ಕಾಣುವಂತೆ. ಇದನ್ನು ತಿನ್ನುತ್ತಾರಾ ಎಂದು ಯಾರಾದರೂ ಕೇಳಿದರೆ, ನಾನು ತಿಂದಿದ್ದೇನೆ ಎನ್ನುತ್ತೇನೆ. ಯಾರು ತಿನ್ನಿಸಿದರು ಎಂದೂ ಹೇಳುತ್ತೇನೆ.