ವೈರ್‌ಲೆಸ್ ಕೀಬೋರ್ಡಿಗೆ ಕಾಸಗಲ ಕುಂಕುಮ

"ನಾಲ್ಕು ಗಂಟೆಯೊಳಗೆ ಅಂಕಣ ಬರ್ಲಿಲ್ಲ ಅಂದ್ರೆ ನಿಮ್ಮ ಜಾಗಕ್ಕೆ ವಾಸ್ತು ಲೇಖನ ಹಾಕ್ತೀನಿ ಸಾರ್!"

ಹೋದ ವಾರ ಪತ್ರಿಕೆಯ ಉಪಸಂಪಾದಕರು ಫೋನಿನಲ್ಲಿ ಹೀಗೆ ಗದರಿದಾಗ ನನ್ನ ಅಂಕಣದ ಅರ್ಧ ಕಂಪ್ಯೂಟರಿನೊಳಗಿತ್ತು, ಇನ್ನರ್ಧ ನನ್ನ ತಲೆಯೊಳಗಿತ್ತು. ನಡುವೆ ಮುರಳಿ ಕೂತಿದ್ದ.

ಮುರಳಿ, ಜೆ.ಪಿ. ನಗರದ ನಮ್ಮ ಎದುರುಮನೆಯವನು. ಒಳ್ಳೆಯವನೇ. ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಒಂದು ಬಿಟ್ಟರೆ ಬೇರೆ ಚಟವಿಲ್ಲ. "ಕಂಪನಿಗಳ ಗುಲಾಮಗಿರಿ ಎಷ್ಟ್ ದಿನ ಸಾರ್? ಕಿತ್ತಾಕಿ! ಇದ್ರಲ್ಲಿ ಕೋಡೆಲ್ಲ ಓಪನ್ನು. ಯಾರ್ ಬೇಕಾದ್ರೂ ನೋಡ್ಬೋದು, ತಿದ್ಬೋದು" ಎಂದು ನನ್ನ ಕಂಪ್ಯೂಟರಿಗೆ ಅವನೇ ದೀಕ್ಷೆ ಕೊಟ್ಟಿದ್ದ. (ನಾನು ಇದುವರೆಗೆ ಏನನ್ನೂ ನೋಡಿಲ್ಲ, ತಿದ್ದಿಲ್ಲ. ವೈರಸ್ಸೂ ಬಂದಿಲ್ಲ. ಬರಬೇಕೆಂದರೆ ಅದೂ ಮುರಳಿಯನ್ನೇ ಕರೆಯಬೇಕಿತ್ತೇನೋ!)

ನನಗೋ ಕತ್ತುನೋವು. ಬಗ್ಗಿ ಕೂರಬೇಡಿ ಎಂದಿದ್ದರು ಡಾಕ್ಟರು. ಆರಾಮಕುರ್ಚಿಯಲ್ಲಿ ಒರಗಿಕೊಂಡೇ ಬರೆಯೋಣವೆಂದು ಜಯನಗರ ಫೋರ್ತ್ ಬ್ಲಾಕಿನಿಂದ ವೈರ್‌ಲೆಸ್ ಕೀಬೋರ್ಡು, ಮೌಸು ತಂದೆ. ಜೊತೆಗೆ ಕಂಪ್ಯೂಟರಿಗೆ ಸಿಕ್ಕಿಸಲು ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ರಿಸೀವರು.

"ಟೀವಿ ರಿಮೋಟ್ ಥರಾನೇ ಸಾರ್. ಕೀಬೋರ್ಡ್ ಬೆಳಕು ಬಿಡುತ್ತೆ, ಡಬ್ಬಿ ಹಿಡ್ಕೊಳುತ್ತೆ. ಐದು ನಿಮಿಷದ ಕೆಲ್ಸ" ಎಂದ ಮುರಳಿ. ಆಮೇಲೆ ಅಡುಗೆಮನೆಯತ್ತ ತಿರುಗಿ, "ಅಕ್ಕಾ, ಹೊಸ ಸಾಮಾನು, ಒಂಚೂರು ಕುಂಕುಮ ಇಡಿ" ಎಂದು ಕೂಗಿದ.

ಹೊಸ ಮಿಕ್ಸಿಗೆ ಇಟ್ಟಿದ್ದೇವೆ, ಸ್ಕೂಟರಿಗೆ ಇಟ್ಟಿದ್ದೇವೆ. ಕೀಬೋರ್ಡೇನು ಪಾಪ ಮಾಡಿತ್ತು? ನನ್ನ ಹೆಂಡತಿ ಅರಿಸಿನ, ಕುಂಕುಮ ಕಲಸಿ ತಂದಳು. ಮುರಳಿ ಡಬ್ಬಿಯ ಮುಂಭಾಗದ ಕಪ್ಪು ಗಾಜನ್ನು ತೋರಿಸಿ, "ಇಲ್ಲಿಡಿ ಅಕ್ಕ, ಹಣೆ ಇದ್ದಂಗಿದೆ" ಎಂದ. ಅವಳು ಕಾಸಗಲ ಇಟ್ಟಳು. ಭಕ್ತಿಯಿಂದ ಕೈಯನ್ನೂ ಮುಗಿದಳು.

ಕೀಬೋರ್ಡು ಮಾತಾಡಲಿಲ್ಲ. ಮೌಸು ಮಿಸುಕಲಿಲ್ಲ.

"ಡ್ರೈವರ್ ಪ್ರಾಬ್ಲಂ" ಎಂದ ಮುರಳಿ. ಹಳೆಯ ವೈರಿನ ಕೀಬೋರ್ಡನ್ನು ಮತ್ತೆ ಸಿಕ್ಕಿಸಿಕೊಂಡು ಕಪ್ಪು ಪರದೆಯ ಮೇಲೆ ಮಂತ್ರ ಕುಟ್ಟತೊಡಗಿದ. ವೈರ್ ಬಿಡಿಸಿಕೊಳ್ಳಲು ವೈರೇ ಬೇಕು, ನೋಡಿ! ಉಪ್ಪಿಟ್ಟು ಬಂತು, ಕಾಫಿ ಬಂತು, ಊಟವೂ ಆಯಿತು. ಡ್ರೈವರ್ ತಂತ್ರಾಂಶದ ಮೇಲಿದ್ದ ತಪ್ಪು ಲಿನಕ್ಸಿನ ತಿರುಳಾದ ಕರ್ನಲ್ ಮೇಲೆ ಹೋಯಿತು. ಅಲ್ಲಿಂದ ಕೀಬೋರ್ಡಿನ ಕಂಪನಿಯ ಮೇಲೆ, ಕೊನೆಗೆ ಅಮೆರಿಕದ ಮೇಲೆ. "ಇದು ದೊಡ್ಡ ಷಡ್ಯಂತ್ರ ಸಾರ್, ನಮ್ಮಂಥೋರಿಗೆ ಕೆಲ್ಸ ಮಾಡ್ಬಾರ್ದು ಅಂತಾನೇ ಮಾಡಿರ್ತಾರೆ."

"ಮುರಳಿ, ನನಗೆ ಷಡ್ಯಂತ್ರ ಬೇಡಪ್ಪ. ನನ್ನ ಅರ್ಧ ಅಂಕಣ ಕೊಡು ಸಾಕು."

"ತಾಳಿ ಸಾರ್, ಈಗ ಎದ್ರೆ ಎಲ್ಲಾ ಹೊರಟೋಗುತ್ತೆ!"

ಮೂರೂವರೆಯಾಯಿತು. ನನಗೆ ನಿಜಕ್ಕೂ ರೇಗಿತು. ಇಷ್ಟು ವರ್ಷ ಕಾಪಾಡಿಕೊಂಡ ಜಾಗದಲ್ಲಿ ಅಡುಗೆಮನೆ ಆಗ್ನೇಯಕ್ಕಿರಲಿ ಎಂದು ಯಾವನೋ ಬರೆಯುತ್ತಾನಲ್ಲ! ಈ ದರಿದ್ರವನ್ನು ಅಂಗಡಿಗೇ ವಾಪಸ್ ಕೊಡುತ್ತೇನೆಂದು, ಇನ್ನೂ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇದ್ದ ಡಬ್ಬಿಯನ್ನು ಎತ್ತಿಕೊಂಡೆ. ಕುಂಕುಮ ಇಟ್ಟ ಮಾಲನ್ನು ಯಾವ ಅಂಗಡಿಯವನು ವಾಪಸ್ ತಗೋತಾನೆ? ಪಂಚೆಯ ತುದಿಯಿಂದ ತಿಕ್ಕಿ ಒರೆಸಿದೆ.

ಪರದೆಯ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಓಡತೊಡಗಿತು. ಮುರಳಿಯ ಮೊಣಕೈ ಹೊಸ ಕೀಬೋರ್ಡಿನ ಮೇಲಿತ್ತು.

"ಬಂತು ಸಾರ್! ನನ್ನ ಕೊನೇ ಕಮಾಂಡು ಕೆಲ್ಸ ಮಾಡ್ತು!"

ನಾನು ಕೆಂಪಾದ ಪಂಚೆಯನ್ನು ತೋರಿಸಿದೆ. ಗಾಜಿಗೆ ಹೆಬ್ಬೆರಳು ಅಡ್ಡ ಹಿಡಿದೆ, ಅಕ್ಷರ ನಿಂತಿತು. ತೆಗೆದೆ, ಓಡಿತು. ಮುರಳಿ ಕನ್ನಡಕ ಸರಿಮಾಡಿಕೊಂಡು, "ಅದು ಕೋಇನ್ಸಿಡೆನ್ಸ್ ಸಾರ್" ಎಂದ.

ವಾದಿಸಲು ಪುರುಸೊತ್ತೆಲ್ಲಿತ್ತು? ಅವನನ್ನು ಎಬ್ಬಿಸಿ, ಉಳಿದರ್ಧ ಕುಟ್ಟಿ, ನಾಲ್ಕರೊಳಗೆ ಕಳಿಸಿದೆ. ವಾಸ್ತು ತಪ್ಪಿತು. ಓದುಗರ ಪುಣ್ಯವೋ ಪಾಪವೋ, ನೀವೇ ಹೇಳಬೇಕು.

ಮುರಳಿ ಮಾತ್ರ ಅಂದು ಸಂಜೆಯೇ ತನ್ನ ಸಾಹಸವನ್ನೆಲ್ಲ ಲಿನಕ್ಸ್ ಬಳಗದ ಇಮೇಲ್ ಗುಂಪಿಗೆ ಬರೆದು ಹಾಕಿದ, ಆ ಕೊನೆಯ ಕಮಾಂಡಿನ ಸಮೇತ. ಶಹಬ್ಬಾಸ್‌ಗಿರಿಯೋ ಶಹಬ್ಬಾಸ್‌ಗಿರಿ! ಕೋಡೆಲ್ಲ ಓಪನ್ನಾಗಿಟ್ಟವರಿಗೆ ಕುಂಕುಮದ ವಿಷಯ ಮಾತ್ರ ಗುಟ್ಟು.

ಮೊನ್ನೆ ಅದನ್ನು ಓದಿದ ಜರ್ಮನಿಯವನೊಬ್ಬ ಬರೆದಿದ್ದಾನಂತೆ: ನೀವು ಹೇಳಿದ ಹಾಗೆಯೇ ಎಲ್ಲ ಮಾಡಿದೆ, ನನ್ನ ಕೀಬೋರ್ಡು ಏಳುತ್ತಲೇ ಇಲ್ಲ.

ಪಾಪ, ಒರೆಸೋಣವೆಂದರೆ ಅವನ ಮನೆಯಲ್ಲಿ ಕುಂಕುಮ ಇಟ್ಟವರಾದರೂ ಯಾರು?